ಯಾರಿಗೂ ಏನೂ ಆಗದ ಕಾದಂಬರಿ

ಅನುಮಾನಕ್ಕ ಎಂದು ಅವಳಿಗೆ ಹೆಸರಿಟ್ಟವಳು ಅವಳ ಬೆನ್ನಿಗೆ ಹುಟ್ಟಿದ ತಂಗಿ. ಬೀಗ ಹಾಕಿ, ಎಳೆದು ನೋಡಿ, ಮೆಟ್ಟಿಲಿಳಿದು, ಅರ್ಧ ದಾರಿಯಿಂದ ತಿರುಗಿ ಬಂದು ಇನ್ನೊಮ್ಮೆ ಎಳೆದು ನೋಡುವವಳನ್ನು ಬೇರೆ ಏನೆಂದು ಕರೆಯಬೇಕು? ಮದುವೆಯಾದಾಗ ಹೆಸರೂ ಅವಳ ಜೊತೆಗೇ ಬಂತು. ಗಂಡ ಮೊದಮೊದಲು ತಮಾಷೆಗೆ ಕರೆದ, ಅತ್ತೆ ಬಾಯಿತಪ್ಪಿ ಕರೆದರು, ಕೊನೆಗೆ ಅವಳು ಕೆಲಸ ಮಾಡುವ ಕನ್ನಡಕದಂಗಡಿಯಲ್ಲೂ ಅದೇ ರೂಢಿಯಾಯಿತು.

ಅಂಗಡಿಯಲ್ಲಿ ಆ ಸ್ವಭಾವಕ್ಕೆ ಬೆಲೆಯಿತ್ತು. ಗಿರಾಕಿಯ ಮೂಗಿನ ಮೇಲೆ ಪರೀಕ್ಷೆಯ ಭಾರದ ಫ್ರೇಮು ಕೂರಿಸಿ, ಒಂದು ಗಾಜು ಹಾಕಿ, ಅದನ್ನು ತೆಗೆದು ಇನ್ನೊಂದು ಹಾಕಿ, "ಹೀಗೆ ಚೆನ್ನಾಗಿ ಕಾಣುತ್ತಾ, ಹೀಗಾ?" ಎಂದು ಕೇಳುವುದು ಅವಳ ಕೆಲಸ. ಬೇರೆಯವರಾದರೆ ಎರಡು ಸಲ ಕೇಳಿ ಚೀಟಿ ಬರೆದುಬಿಡುತ್ತಿದ್ದರು. ಇವಳು ಗಿರಾಕಿಗೇ ಸಾಕೆನಿಸುವವರೆಗೆ ಕೇಳುತ್ತಿದ್ದಳು. ಅವರು ಮೊದಲಿನದೇ ವಾಸಿ ಎಂದರೆ ಮೊದಲಿನದು, ಎರಡನೆಯದು ಎಂದರೆ ಎರಡನೆಯದು. ಕಣ್ಣು ಅವರದು, ತನ್ನ ಅಭಿಪ್ರಾಯಕ್ಕೆ ಅಲ್ಲೇನು ಕೆಲಸ?

ಇಂಥವಳು ಒಂದು ಕಾದಂಬರಿ ಬರೆದಳು.

ಅದಕ್ಕೆ ಸಂಜೆ ತರಗತಿಯೇ ಕಾರಣ. ಅಂಗಡಿಯ ಕೆಲಸ ಮುಗಿಸಿ ಸಂಜೆ ಕಾಲೇಜಿಗೆ ಹೋಗಿ ಪದವಿ ಮುಗಿಸಿದವಳು, ಮುಗಿದ ಮೇಲೆ ಸಂಜೆ ಏನು ಮಾಡುವುದೆಂದು ತೋಚದೆ, ಅದೇ ಕಟ್ಟಡದಲ್ಲಿ ಕಥೆ ಬರೆಯುವುದನ್ನು ಕಲಿಸುವ ತರಗತಿಗೆ ಸೇರಿಕೊಂಡಳು. ಅಲ್ಲಿ ಎಲ್ಲರೂ ಎರಡು ಪುಟ ಬರೆದು ನಿಲ್ಲಿಸಿದರೆ ಇವಳು, ನಿಲ್ಲಿಸುವುದು ಇಲ್ಲೋ ಮುಂದೋ ಎಂಬ ಅನುಮಾನದಲ್ಲಿ, ಮುಂದೆ ಮುಂದೆ ಬರೆಯುತ್ತಾ ಹೋದಳು. ಹಾಗೆ ಅದು ಕಾದಂಬರಿಯಾಯಿತು.

ಕಥೆ ಸರಳ. ಗಡಿಯಾರ ರಿಪೇರಿ ಮಾಡುವವನ ಹೆಂಡತಿಯೊಬ್ಬಳು. ವರ್ಷಗಟ್ಟಲೆ ಮಾತು ನುಂಗಿಕೊಂಡು ಬದುಕಿದವಳು. ತನ್ನನ್ನು ಸಾಕಿ ಬೆಳೆಸಿದ ಸೋದರಮಾವನನ್ನು ನೋಡಲು ಒಬ್ಬಳೇ ರೈಲಿನಲ್ಲಿ ಹೊರಡುತ್ತಾಳೆ. ದಾರಿಯಲ್ಲಿ ಅವಳ ಸೂಟ್‌ಕೇಸು ಕಳೆದುಹೋಗುತ್ತದೆ. ಯಾರದೋ ಬಟ್ಟೆ ಉಟ್ಟು ಓಡಾಡುವಾಗ, ತಾನು ಬೇರೆಯವಳೂ ಆಗಿರಬಹುದಿತ್ತು ಎಂದು ಅವಳಿಗೆ ಮೊದಲ ಸಲ ಅನ್ನಿಸುತ್ತದೆ. ಅಷ್ಟರಲ್ಲಿ ಮಾವ ಎದೆನೋವಿನಿಂದ ತೀರಿಕೊಳ್ಳುತ್ತಾನೆ. ಗಂಡ ಬರುತ್ತಾನೆ. ಇಬ್ಬರೂ ಊರಿಗೆ ಮರಳಿ, ತಮ್ಮ ಕಟ್ಟಡದ ಲಿಫ್ಟ್ ಹತ್ತುತ್ತಾರೆ. ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಡುತ್ತದೆ. ಆ ಪೆಟ್ಟಿಗೆಯೊಳಗೆ ಹೆಂಡತಿ ಬಾಯಿ ಬಿಡುತ್ತಾಳೆ.

ಮೊದಲ ಕರಡನ್ನು ಅವಳು ಅಂಗಡಿಯ ಹಿಂದಿನ ಬೀದಿಯ ಪ್ರಕಾಶನಕ್ಕೆ ಕೊಟ್ಟು ಬಂದಿದ್ದಳು. ಅಲ್ಲಿಯ ಸಂಪಾದಕಿಯ ಕೋಣೆಗೆ ಹೋಗಬೇಕಾದರೆ ಪುಸ್ತಕದ ಕಟ್ಟುಗಳ ನಡುವೆ ಅಡ್ಡಡ್ಡ ನಡೆಯಬೇಕು. ಕೂತರೆ ಎದುರಿಗೆ ಕಾಣುವುದು ಸಂಪಾದಕಿಯ ಕತ್ತಿನಲ್ಲಿ ನೇತಾಡುವ ಎರಡು ಕನ್ನಡಕಗಳು. ಎರಡರ ಕಾಲೂ ಸೊಟ್ಟ. ಅವನ್ನು ಕಂಡಾಗಲೆಲ್ಲ ಅನುಮಾನಕ್ಕನ ಕೈ ತುರಿಸುತ್ತಿತ್ತು.

"ಓದಿದೆ ಕಣಮ್ಮ," ಅಂದಿದ್ದರು ಸಂಪಾದಕಿ. "ಜೀವ ಇದೆ. ಆದ್ರೆ ಮೈ ಜಾಸ್ತಿ ಆಯ್ತು. ಮನೇಲಿ ಯಾರಾದ್ರೂ ಓದೋರಿದ್ದಾರಾ?"

"ಇದ್ದಾರೆ ಮೇಡಂ. ಎಲ್ಲರೂ ಮಾತಾಡ್ತಾರೆ. ಓದೋದು ಗೊತ್ತಿಲ್ಲ."

"ಓದಿಸಿ. ಎಲ್ಲಿ ಆಕಳಿಸ್ತಾರೋ ಅಲ್ಲಿ ಒಂದು ಗೆರೆ ಎಳೀರಿ. ಅಷ್ಟು ಕತ್ತರಿಸಿ ತನ್ನಿ. ಈ ವರ್ಷದ ಪುಸ್ತಕಗಳಲ್ಲಿ ಒಂದು ಜಾಗ ಖಾಲಿ ಇದೆ, ತಿಂಗಳ ಕೊನೆಯವರೆಗೆ ಹಿಡಿದಿಡ್ತೀನಿ. ಆಮೇಲೆ ತಂದ್ರೆ ಮುಂದಿನ ವರ್ಷವೇ. ಅಷ್ಟರಲ್ಲಿ ನೀವು ಅನುಮಾನ ಪಟ್ಟೂ ಪಟ್ಟೂ ಇಡೀ ಕಾದಂಬರಿಯನ್ನೇ ಅಳಿಸಿರ್ತೀರಿ."

ಎಲ್ಲಿ ಆಕಳಿಸುತ್ತಾರೆ ಎಂದಷ್ಟೇ ಅವರು ಹೇಳಿದ್ದು. ಮನೆ ತಲುಪುವಷ್ಟರಲ್ಲಿ ಅನುಮಾನಕ್ಕನ ತಲೆಯಲ್ಲಿ ಅದು, ಏನು ಹೇಳುತ್ತಾರೋ ಕೇಳಿ ಹಾಗೇ ಮಾಡಬೇಕು, ಎಂದಾಗಿತ್ತು. ಅಂಗಡಿಯ ಅಭ್ಯಾಸ.

ಮೊದಲು ಓದಿದವರು ಅತ್ತೆ. ಆಸ್ಪತ್ರೆಯಲ್ಲಿ ದೊಡ್ಡ ನರ್ಸ್ ಆಗಿ ನಿವೃತ್ತರಾದವರು. ಈಗಲೂ ಮನೆಯಲ್ಲಿ ಯಾರಾದರೂ ಕೆಮ್ಮಿದರೆ ಎದ್ದು ಬಂದು ಹಣೆ ಮುಟ್ಟುತ್ತಿದ್ದರು. ಅವರು ಕಿಟಕಿಯ ಪಕ್ಕ ಕಾಲು ಚಾಚಿ ಕೂತು, ಪುಟ ತಿರುಗಿಸುವಾಗಲೆಲ್ಲ ಬೆರಳಿಗೆ ಎಂಜಲು ಹಚ್ಚಿಕೊಂಡು ಓದಿದರು. ಸೋದರಮಾವ ಸಾಯುವ ಅಧ್ಯಾಯಕ್ಕೆ ಬಂದಾಗ ದಡಕ್ಕನೆ ಕಾಲು ಕೆಳಗಿಟ್ಟರು.

"ಏನಮ್ಮಾ ಇದು? ಈ ಮನುಷ್ಯ ಬೆವರ್ತಿದ್ದಾನೆ, ಎಡಗೈ ಜೋಮು ಹಿಡೀತಿದೆ ಅಂತಾನೆ, ನಿನ್ನ ನಾಯಕಿ ಬೀಸಣಿಗೆ ಬೀಸ್ಕೊಂಡು ಕೂತಿದ್ದಾಳಲ್ಲ!"

"ಅವಳಿಗೆ ಗೊತ್ತಾಗಲ್ಲ ಅತ್ತೆ."

"ಬರ್ದವಳಿಗೆ ಗೊತ್ತಾಗ್ಬೇಡ್ವಾ? ಲಕ್ಷಣ ಎಲ್ಲಾ ಒಂದೂ ಬಿಡದೆ ಬರ್ದಿದ್ದೀಯ, ಆಂಬುಲೆನ್ಸ್‌ಗೆ ಫೋನ್ ಮಾಡೋಕಾಗಲ್ವಾ? ನಾಲಿಗೆ ಕೆಳಗೆ ಒಂದು ಮಾತ್ರೆ ಇಟ್ಟು ಕರ್ಕೊಂಡು ಹೋದ್ರೆ ನಾಲ್ಕು ದಿನಕ್ಕೆ ಎದ್ದು ಓಡಾಡ್ತಾನೆ. ಗಟ್ಟಿ ಆಳು ಅವನು."

"ಅವರು ಗಟ್ಟಿ ಅಂತ ನಾನೆಲ್ಲೂ ಬರ್ದಿಲ್ಲ."

"ನನಗೆ ಗೊತ್ತಾಗುತ್ತೆ," ಎಂದರು ಅತ್ತೆ. ರೋಗಿಯನ್ನು ಅವರು ಆಗಲೇ ವಾರ್ಡಿಗೆ ಸೇರಿಸಿಕೊಂಡಾಗಿತ್ತು.

ಅನುಮಾನಕ್ಕ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡಳು: ಮಾವ ಬದುಕಬಹುದೇ? ಪ್ರಶ್ನೆಯನ್ನು ದಿಟ್ಟಿಸಿ ನೋಡಿದಳು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದವರ ಮಾತಿಗೆ ಎದುರಾಡಲು ತಾನು ಯಾರು?

ಎರಡನೆಯವಳು ತಂಗಿ. ರೈಲು ನಿಲ್ದಾಣದಲ್ಲಿ ಕಳೆದುಹೋದ ಸಾಮಾನು ವಾಪಸು ಕೊಡುವ ಕೌಂಟರಿನಲ್ಲಿ ಕೂರುವವಳು. ರಜೆಯ ದಿನ ಬಂದು, ಸೋಫಾದ ಮೇಲೆ ಅಡ್ಡಾಗಿ, ಬಿಸ್ಕತ್ತಿನ ಪುಡಿಯನ್ನು ಹಾಳೆಗಳ ಮೇಲೆ ಉದುರಿಸುತ್ತಾ ಓದಿದಳು.

"ಅಕ್ಕಾ, ಇದು ನಮ್ಮ ಡಿಪಾರ್ಟ್‌ಮೆಂಟಿಗೆ ಅವಮಾನ."

"ಯಾವುದೇ?"

"ಸೂಟ್‌ಕೇಸು. ರೈಲಲ್ಲಿ ಬಿಟ್ಲು, ಕಳೆದೇ ಹೋಯ್ತು ಅಂತ ಬರ್ದುಬಿಟ್ಟಿದ್ದೀಯಲ್ಲ. ಕೊನೇ ಸ್ಟೇಷನ್ನಲ್ಲಿ ಬೋಗಿ ಗುಡಿಸೋರು ಇಳಿಸ್ತಾರೆ, ನಾವು ಚೀಟಿ ಅಂಟಿಸ್ತೀವಿ, ಫೋನ್ ಮಾಡ್ತೀವಿ. ಮೊನ್ನೆ ಒಬ್ರ ಹಲ್ಲಿನ ಸೆಟ್ಟು ವಾಪಸ್ ಕೊಟ್ಟಿದ್ದೀನಿ ಕಣೇ. ಕಪ್ಪಗೆ ಎಮ್ಮೆ ಥರ ಇರೋ ಸೂಟ್‌ಕೇಸು ಸಿಗಲ್ವಾ?"

"ಸಿಕ್ಕಿದ್ರೆ ಕಥೆ ಮುಂದೆ ಹೋಗಲ್ಲ."

"ಅದು ನಿನ್ನ ತಲೆನೋವು. ನನ್ನ ಆಫೀಸಿನವರು ಓದಿದ್ರೆ ನಿನ್ನಕ್ಕನಿಗೆ ನೀನೇನೂ ಹೇಳ್ಲಿಲ್ವಾ ಅಂತ ನನ್ನ ಮುಖಕ್ಕೇ ಕೇಳ್ತಾರೆ." ಆಮೇಲೆ ಒಳಕೋಣೆಯ ಕಡೆ ತಿರುಗಿ ಕೂಗಿದಳು: "ಭಾವಾ, ಇದರಲ್ಲಿ ಲಿಫ್ಟ್ ಇದೆ! ಕೆಟ್ಟು ನಿಂತಿದೆ!"

ಅನುಮಾನಕ್ಕನ ಗಂಡ ಲಿಫ್ಟ್ ರಿಪೇರಿ ಮಾಡುವ ಕಂಪನಿಯಲ್ಲಿ ಹಿರಿಯ ಮೆಕ್ಯಾನಿಕ್ಕು. ಹೆಂಡತಿ ಕಾದಂಬರಿ ಬರೆದಳು ಎಂಬುದಕ್ಕೆ ಅವನಿಗೆ ಹೆಮ್ಮೆಯಿತ್ತು, ಓದಲು ಪುರುಸೊತ್ತು ಇರಲಿಲ್ಲ. ಲಿಫ್ಟು ಕೆಟ್ಟು ನಿಂತಿದೆ ಎಂಬ ಮಾತು ಕಿವಿಗೆ ಬಿದ್ದದ್ದೇ, ಅರ್ಧ ಬೋಳಿಸಿದ ಗಡ್ಡದಲ್ಲೇ ಹೊರಗೆ ಬಂದ.

"ಎಲ್ಲಿ?"

ತಂಗಿ ಪುಟ ತೆಗೆದುಕೊಟ್ಟಳು. ಅವನು ನಿಂತುಕೊಂಡೇ ಓದಿದ. ನೊರೆಯ ಒಂದು ತೊಟ್ಟು ಹಾಳೆಯ ಮೇಲೆ ಬಿತ್ತು.

"ಯಾರು ನೋಡ್ಕೊಳ್ಳೋದು ಈ ಲಿಫ್ಟ್‌ನ?"

"ಯಾರೂ ಇಲ್ಲ ರೀ. ಕಾದಂಬರಿ."

"ಕಾದಂಬರಿಗೆ ಸರ್ವಿಸ್ ಬೇಡ್ವಾ? ಕರೆಂಟ್ ಹೋಯ್ತು, ನಿಂತುಹೋಯ್ತು ಅಂತ ಬರ್ದಿದ್ದೀಯ. ಕರೆಂಟ್ ಹೋದ್ರೆ ಬ್ಯಾಟರಿ ಇರುತ್ತೆ, ಹತ್ತಿರದ ಮಹಡಿಗೆ ತಾನಾಗೇ ಬಂದು ಬಾಗಿಲು ತೆಗೆದುಕೊಳ್ಳುತ್ತೆ. ಹಳೇದಾದ್ರೆ ಮೇಲೆ ಹೋಗಿ ಕೈಯಲ್ಲಿ ತಿರುಗಿಸಿ ಇಳಿಸ್ತೀವಿ. ಅರ್ಧ ಗಂಟೆ ಕೆಲಸ. ಇವರು ಇಡೀ ಮಧ್ಯಾಹ್ನ ಒಳಗೆ ಕೂತು ಏನು ಮಾಡ್ತಾರೆ?"

"ಮಾತಾಡ್ತಾರೆ."

"ಮಾತಾಡೋಕೆ ಮನೆ ಇಲ್ವಾ?"

ಅವನು ಅವಳ ಕೈಯಿಂದ ಪೆನ್ಸಿಲು ಕಿತ್ತುಕೊಂಡು, ಹಾಳೆಯ ಅಂಚಿನಲ್ಲಿ ಬ್ಯಾಟರಿ ಎಲ್ಲಿರುತ್ತದೆ, ಗಂಟೆ ಎಲ್ಲಿರುತ್ತದೆ ಎಂದು ಚಿತ್ರ ಬರೆದು ತೋರಿಸಿದ. ಚೆನ್ನಾಗಿಯೇ ಬರೆದ. ಆಮೇಲೆ ಹಾಳೆಗಳನ್ನು ಮಡಿಸಿ ಕೊಟ್ಟು, ಉಳಿದ ಅರ್ಧ ಗಡ್ಡ ಬೋಳಿಸಲು ಹೋದ.

ಕಾದಂಬರಿ ತಿದ್ದುವುದು ಎಂದರೆ ಇದೇ ಇರಬೇಕೆಂದು ಅನುಮಾನಕ್ಕ ತಿಳಿದಳು. ಮೂವರೂ ತಮ್ಮ ಕೆಲಸ ಬಲ್ಲವರು. ಮೂವರಲ್ಲಿ ಯಾರ ಮಾತನ್ನೂ ತೆಗೆದುಹಾಕುವ ಹಾಗಿಲ್ಲ. ಅವಳು ಮಾವನ ಎದೆಗೆ ವೈದ್ಯರನ್ನು ತಂದಳು. ಸೂಟ್‌ಕೇಸಿಗೆ ಚೀಟಿ ಅಂಟಿಸಿ ವಾಪಸು ಕೊಡಿಸಿದಳು. ಸೂಟ್‌ಕೇಸು ಬಂದ ಮೇಲೆ ನಾಯಕಿ ಯಾರ ಬಟ್ಟೆಯನ್ನೂ ಉಡಬೇಕಾಗಲಿಲ್ಲ. ಮಾವ ಬದುಕಿದ ಮೇಲೆ ಗಡಿಯಾರದವನು ಅಲ್ಲಿಗೆ ಬರುವ ಅಗತ್ಯವೇ ಬೀಳಲಿಲ್ಲ. ಅವನು ನಿಲ್ದಾಣದಲ್ಲೇ ಹೆಂಡತಿಯನ್ನು ಎದುರುಗೊಂಡು, ಲಿಫ್ಟಿನಲ್ಲಿ ಕರೆದುಕೊಂಡು ಹೋದ. ಲಿಫ್ಟು ಸರಾಗವಾಗಿ ಮೇಲೆ ಹೋಯಿತು. ಇಬ್ಬರೂ ಟೀ ಕುಡಿದರು. ಒಂದನ್ನು ಸರಿಮಾಡಿದರೆ ಇನ್ನೊಂದು ತಾನಾಗಿ ಸರಿಯಾಗುತ್ತಿತ್ತು, ಪುಟಗಳೂ ಕಡಿಮೆಯಾಗುತ್ತಿದ್ದವು. ಮೈ ಜಾಸ್ತಿ ಎಂದಿದ್ದರಲ್ಲ, ಅರ್ಧಕ್ಕರ್ಧ ಇಳಿಯಿತು.

ಮನೆಯಲ್ಲಿ ಎಲ್ಲರಿಗೂ ಸಂತೋಷ. ಪಕ್ಕದ ಮನೆಯವರು ಸಿಕ್ಕಾಗ ಅತ್ತೆ, "ಅವಳ ಪುಸ್ತಕದಲ್ಲಿ ಒಬ್ರಿಗೆ ಹಾರ್ಟ್ ಅಟ್ಯಾಕ್ ಆಗಿತ್ತು, ಈಗ ಪರವಾಗಿಲ್ಲ," ಎಂದು ಹೇಳಿದರು. ಅವರು ಪಾಪ ಯಾವ ಆಸ್ಪತ್ರೆ ಎಂದು ವಿಚಾರಿಸಿದರು.

ತಿಂಗಳ ಕೊನೆಗೆ ಒಂದು ವಾರ ಇರುವಾಗಲೇ ಅನುಮಾನಕ್ಕ ತಿದ್ದಿದ ಕರಡನ್ನು ಒಯ್ದು ಕೊಟ್ಟಳು. ಮರುದಿನ ಮಧ್ಯಾಹ್ನ ಸಂಪಾದಕಿ ಅಂಗಡಿಗೇ ಬಂದುಬಿಟ್ಟರು. ಗಿರಾಕಿಗಳು ಕೂರುವ ಎತ್ತರದ ಕುರ್ಚಿಯ ಮೇಲೆ ಕೂತು, ಕತ್ತಿನ ಎರಡೂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇವೆರಡನ್ನೂ ನೆಟ್ಟಗೆ ಮಾಡಿ. ನಿಮ್ಮ ಕೈ ಯಾವುದಾದ್ರೂ ಕೆಲಸದಲ್ಲಿರಲಿ, ನಾನು ಹೇಳೋದು ಕೇಳೋಕೆ ಧೈರ್ಯ ಬೇಕು."

ಅವಳು ಒಂದನ್ನು ಎತ್ತಿಕೊಂಡಳು. ಕನ್ನಡಕದ ಕಾಲನ್ನು ಬಿಸಿ ಗಾಳಿಗೆ ಹಿಡಿದಳು.

"ನಿಮ್ಮ ಸೋದರಮಾವ ಹೇಗಿದ್ದಾರೆ?"

"ಕಾದಂಬರಿಯವರಾ ಮೇಡಂ? ಚೆನ್ನಾಗಿದ್ದಾರೆ."

"ಸಂತೋಷ. ಸೂಟ್‌ಕೇಸು?"

"ಸಿಕ್ತು."

"ಲಿಫ್ಟು?"

"ನಡೀತಿದೆ."

"ಅಮ್ಮಾ, ನಾನು ಇಷ್ಟು ವರ್ಷದಿಂದ ಕಾದಂಬರಿ ಓದ್ತಿದ್ದೀನಿ. ಎಲ್ಲರೂ ಇಷ್ಟು ಸುಖವಾಗಿರೋ ಕಾದಂಬರಿ ನೋಡಿರಲಿಲ್ಲ. ಇದನ್ನ ಅಚ್ಚು ಹಾಕೋದಕ್ಕಿಂತ, ಎಲ್ಲರೂ ಕ್ಷೇಮ ಅಂತ ಒಂದು ಕಾರ್ಡ್ ಬರೆದು ಓದುಗರಿಗೆಲ್ಲ ಹಂಚೋದು ವಾಸಿ. ಖರ್ಚೂ ಕಡಿಮೆ."

ಅನುಮಾನಕ್ಕನ ಮುಖ ಹುಳ್ಳಗಾಯಿತು. ಅತ್ತೆ, ತಂಗಿ, ಗಂಡ ಹೇಳಿದ್ದನ್ನೆಲ್ಲ ಉಸಿರು ಬಿಡದೆ ಒಪ್ಪಿಸಿದಳು. ಸಂಪಾದಕಿ ನಗು ತಡೆಯಲಾಗದೆ ಕಣ್ಣೊರೆಸಿಕೊಂಡರು.

"ಅಂದ್ರೆ ಅವರ ಮೂಗಿನ ಮೇಲೆ ಫ್ರೇಮು ಕೂರಿಸಿ, ಹೀಗಾ ಹೀಗಾ ಅಂತ ಕೇಳಿ, ಗಾಜು ಹಾಕಿಬಿಟ್ರಿ! ಕನ್ನಡಕ ಹಾಕ್ಕೊಳ್ಳೋದು ಅವರಾ? ನೀವು ಬರೆದದ್ದು ಕಣಮ್ಮ, ನೀವು ನೋಡಿದ್ದು." ಅವರ ನಗು ನಿಂತಿತು. "ಒಂದು ಕೇಳ್ತೀನಿ. ಲಿಫ್ಟ್ ಸರಿ ಮಾಡಿದರಲ್ಲ ನಿಮ್ಮ ಮನೆಯವರು, ಅದರೊಳಗೆ ಅವಳು ಏನು ಹೇಳ್ತಾಳೆ ಅಂತ ಓದಿದ್ರಾ?"

"ಇಲ್ಲ ಅನ್ಸುತ್ತೆ. ಕೆಟ್ಟಿದ್ದು ಸರಿಯಾಯ್ತು ಅಂತ ಅಲ್ಲಿಗೇ ಮಡಿಸಿ ಕೊಟ್ರು."

"ಅವರು ಓದದಿರೋದೇ ನಿಮಗೂ ಬೇಕಾಗಿತ್ತೇನೋ." ಸಂಪಾದಕಿ ನೆಟ್ಟಗಾದ ಕನ್ನಡಕ ಹಾಕಿಕೊಂಡು ಅವಳನ್ನು ನೋಡಿದರು. "ಆ ಲಿಫ್ಟಿಗೋಸ್ಕರ ಉಳಿದದ್ದೆಲ್ಲ ಇರೋದು. ಅದು ನಿಲ್ಲದಿದ್ರೆ ನನಗೆ ಪುಸ್ತಕ ಬೇಡ. ಸೋಮವಾರದ ತನಕ ಕಾಯ್ತೀನಿ."

ಅವರು ಹೋದ ಮೇಲೆ ಒಬ್ಬ ಮುದುಕರಿಗೆ ದೂರದ ಗಾಜು ಹಾಕಬೇಕಾದಲ್ಲಿ ಹತ್ತಿರದ್ದು ಹಾಕಿ ಬೈಸಿಕೊಂಡಳು.

ಹಳೆಯ ಕರಡು ಮನೆಯಲ್ಲಿ ಇದ್ದೇ ಇತ್ತು. ಹಾಗೇ ತೆಗೆದು ಕೊಟ್ಟರೆ ಆಯಿತು, ಯಾರನ್ನೂ ಕೇಳಬೇಕಾಗಿಲ್ಲ. ಆದರೆ ಲಿಫ್ಟಿನೊಳಗಿನ ಮಾತು ಗಡಿಯಾರದವನಿಗೆ ಹೇಳಿದ್ದಾದರೂ, ಗಡಿಯಾರದವನು ಯಾರೆಂದು ಅವಳಿಗೆ ಗೊತ್ತಿತ್ತು. ಪುಸ್ತಕ ಬಂದ ದಿನ ಗಂಡ ಪ್ರತಿಗಳನ್ನು ಕಂಪನಿಗೆ ಒಯ್ದು ಹಂಚದೆ ಬಿಡುವವನಲ್ಲ. ಜೊತೆಯವರು ಓದಿ, ಇವನನ್ನು ನೋಡಿ ಮುಸಿಮುಸಿ ನಕ್ಕರೆ? ಅದಕ್ಕಿಂತ ಮೊದಲು ಅವನು ಅದನ್ನು ಹೆಂಡತಿಯ ಬಾಯಿಂದಲೇ ಕೇಳಬೇಕು. ಕೇಳಿ ಬೇಡ ಎಂದರೆ? ಬೇಡ ಎಂದರೆ ತೆಗೆದುಹಾಕದೆ ಇರುವ ಶಕ್ತಿ ತನಗಿದೆಯೇ? ಇದುವರೆಗೆ ಯಾರಾದರೂ ಬೇಡ ಎಂದದ್ದನ್ನು ಅವಳು ಉಳಿಸಿಕೊಂಡದ್ದಿಲ್ಲ.

ಸುಲಭದಿಂದ ಶುರುಮಾಡೋಣವೆಂದು ಮೊದಲು ತಂಗಿಗೆ ಫೋನ್ ಮಾಡಿದಳು.

"ಸೂಟ್‌ಕೇಸು ಮತ್ತೆ ಕಳೀಬೇಕು ಕಣೇ."

"ಅಯ್ಯೋ, ಈಗ ತಾನೇ ಕೊಡಿಸಿದ್ದೆ! ಹೋಗ್ಲಿ, ಮೇಲೆ ಹೆಸರು ವಿಳಾಸ ಏನೂ ಇರಲಿಲ್ಲ ಅಂತ ಬರಿ. ಅಂಥವು ನಮ್ಮ ಕಪಾಟಲ್ಲೇ ಕೊಳೆಯೋದು. ನಿನ್ನ ಸೂಟ್‌ಕೇಸಾದ್ರೆ ಆರೂ ಕಡೆ ವಿಳಾಸ ಇರುತ್ತೆ, ನಂಬೋದು ಕಷ್ಟ. ಅವಳು ನಿನ್ನ ಥರ ಅಲ್ಲ ತಾನೇ?"

"ಅಲ್ಲ," ಎಂದಳು ಅನುಮಾನಕ್ಕ, ತುಸು ಅನುಮಾನದಿಂದಲೇ.

ಅತ್ತೆಯದು ಅಷ್ಟು ಸಲೀಸಾಗಲಿಲ್ಲ. ಅವರು ಅವರೆಕಾಯಿಯೋ ಬಟಾಣಿಯೋ ಏನೋ ಸುಲಿಯುತ್ತಿದ್ದವರು ಮೊರವನ್ನೇ ಪಕ್ಕಕ್ಕಿಟ್ಟರು.

"ಎದ್ದು ಓಡಾಡ್ತಿದ್ದ ಮನುಷ್ಯನ್ನ ಕೊಲ್ತೀನಿ ಅಂತೀಯಲ್ಲ, ಏನಾಗಿದೆ ನಿನಗೆ?"

"ಅವರು ಹೋಗ್ಲೇಬೇಕು ಅತ್ತೆ. ಇಲ್ದಿದ್ರೆ ಅವಳು ಬಾಯೇ ಬಿಡಲ್ಲ."

"ನನ್ನ ಡ್ಯೂಟಿಲಿ ಅಂಥದ್ದಕ್ಕೆ ಬಿಡ್ತಿರಲಿಲ್ಲ."

"ನಿಮ್ಮ ಡ್ಯೂಟಿ ಮುಗಿದಿರುತ್ತೆ. ನೀವು ಮನೆಗೆ ಹೋಗಿರ್ತೀರಿ."

ಅತ್ತೆ ಯೋಚಿಸಿದರು. "ಆಮೇಲೆ ಬಂದವಳು ಯಾರು?"

"ಯಾರೋ ಹೊಸಬಳು."

"ಹ್ಞಾ. ಹಾಗನ್ನು." ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡರು. ಒಂದೆರಡು ಕಾಯಿ ಸುಲಿದು, "ಜಾಸ್ತಿ ನರಳಿಸಬೇಡ," ಎಂದರು. ದನಿ ಬದಲಾಗಿತ್ತು. "ಬಹಳ ಜನರನ್ನ ನೋಡಿದ್ದೀನಿ. ಬರೆಯೋದರಲ್ಲಾದ್ರೂ ಸುಮ್ಮನೆ ಹೋಗ್ಲಿ."

ಉಳಿದದ್ದು ಲಿಫ್ಟು.

ಭಾನುವಾರ ಬೆಳಗ್ಗೆ ಗಂಡ ಅಡುಗೆಮನೆಯ ಮೇಜಿನ ಮೇಲೆ ಪೇಪರು ಹರಡಿ ಕೂತಿದ್ದಾಗ, ಅವಳು ಎರಡು ಲೋಟ ಟೀ ತಂದಿಟ್ಟು ಎದುರಿಗೆ ಕೂತಳು.

"ರೀ, ಒಂದು ಲಿಫ್ಟು ಇಡೀ ಮಧ್ಯಾಹ್ನ ನಿಲ್ಲಬೇಕಾದ್ರೆ ಏನಾಗಬೇಕು?"

"ಏನೂ ಆಗಬಾರದು. ಹಾಗೆ ನಿಂತ್ರೆ ನನ್ನ ಕೆಲಸ ಹೋಗುತ್ತೆ."

"ನಿಮ್ಮದಲ್ಲ. ಕಾದಂಬರಿದು. ಯಾರೇ ಬಂದ್ರೂ ತಕ್ಷಣ ತೆಗೆಯೋಕಾಗಬಾರದು."

"ಸರಿ ಮಾಡಿಕೊಟ್ಟಿದ್ನಲ್ಲ!"

"ಸರಿ ಮಾಡಿದ್ದೇ ತಪ್ಪಾಯ್ತಂತೆ. ಕೆಡಿಸಿಕೊಡಿ."

ಅವನು ಮುಖ ಸೊಟ್ಟಗೆ ಮಾಡಿ ಪೇಪರು ಎತ್ತಿಕೊಂಡ. ಒಂದು ಪುಟ ತಿರುಗಿಸಿದ. ಇನ್ನೊಂದು ತಿರುಗಿಸಿದ. ಓದುತ್ತಿಲ್ಲವೆಂದು ನೋಡಿದರೆ ತಿಳಿಯುತ್ತಿತ್ತು. ಲಿಫ್ಟು ಕೆಡದಂತೆ ನೋಡಿಕೊಳ್ಳುವುದರಲ್ಲೇ ಆಯುಷ್ಯ ಕಳೆದವನನ್ನು ಕರೆದು, ನಿನ್ನಿಷ್ಟದ ಹಾಗೆ ಕೆಡಿಸು ಎಂದರೆ ಎಷ್ಟು ಹೊತ್ತು ತಡೆದುಕೊಂಡಾನು?

"ಕರೆಂಟ್ ಹೋಯ್ತು ಅನ್ನೋದೆಲ್ಲ ಮಕ್ಕಳಾಟ," ಎಂದ ಪೇಪರಿನ ಹಿಂದಿನಿಂದ. "ಮೇಲೆ ಹೋಗ್ತಿದ್ದ ಲಿಫ್ಟ್ ಜಾರಿ, ಇಳಿಯುವಾಗ ವೇಗ ಮಿತಿ ಮೀರಿದ್ರೆ, ಪಕ್ಕದ ಹಳಿ ಕಚ್ಚಿಕೊಳ್ಳೋ ಇಕ್ಕಳ ಒಂದಿರುತ್ತೆ ಅಡಿಯಲ್ಲಿ. ಅದು ಕಚ್ಚಿಕೊಳ್ತು ಅಂತಿಟ್ಕೋ. ಬ್ಯಾಟರಿ ಇದ್ರೂ ಅಲ್ಲಾಡಲ್ಲ. ಮೇಲಕ್ಕೆ ಎತ್ತಿನೇ ಬಿಡಿಸಬೇಕು. ಅದಕ್ಕೆ ಇಬ್ಬರಾದ್ರೂ ಬೇಕು." ಪೇಪರು ಕೆಳಗಿಳಿಯಿತು. "ಭಾನುವಾರ ಮಾಡು. ಒಬ್ಬನೇ ಡ್ಯೂಟಿಲಿರ್ತಾನೆ. ಅವನೂ ಊರಿನ ಆ ತುದೀಲಿ ಇನ್ನೊಂದು ಕಂಪ್ಲೇಂಟ್‌ಗೆ ಹೋಗಿರ್ತಾನೆ. ಮೇಲಿನ ಮಿಷನ್ ರೂಮಿನ ಬೀಗದ ಕೈ ಕಾವಲುಗಾರನ ಹತ್ರ, ಕಾವಲುಗಾರ ಊಟಕ್ಕೆ. ಮೂರು ಗಂಟೆ ಅಲ್ಲಾಡಿಸೋಕಾಗಲ್ಲ ಯಾರಿಗೂ!" ಅವನ ಕಣ್ಣು ಹೊಳೆಯುತ್ತಿತ್ತು. "ನಮ್ಮ ಮ್ಯಾನೇಜರ್ ಬಂದ್ರೂ ಅಷ್ಟೇ."

"ಅಪಾಯ ಇಲ್ಲ ತಾನೇ?"

"ಏನೂ ಇಲ್ಲ. ಗಾಳಿ ಬರುತ್ತೆ, ಬೆಳಕಿರುತ್ತೆ. ಅಷ್ಟು ಭದ್ರವಾಗಿ ಅವರು ಮನೇಲೂ ಕೂತಿರಲ್ಲ. ಸರಿ, ನಿಲ್ಲಿಸಿದೆ. ಆಮೇಲೇನು? ಏನು ಮಾತಾಡ್ತಾರೆ ಅಷ್ಟು ಹೊತ್ತು?"

ಅವಳು ಹಾಳೆಗಳನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದಳು. "ಓದ್ತೀನಿ. ನಡುವೆ ಏನೂ ಹೇಳಬಾರದು."

"ನಾನ್ಯಾಕೆ ಹೇಳ್ಲಿ?"

ಓದತೊಡಗಿದಳು. ಲಿಫ್ಟಿನ ಗೋಡೆಗೆ ಒರಗಿ ನಿಂತ ಹೆಂಡತಿ ನೆಲ ನೋಡಿಕೊಂಡು ಹೇಳುತ್ತಿದ್ದಾಳೆ: ಮಾವ ಹೋದ ದಿನ ನೀವು ಬಂದಿರಿ. ಬಂದವರು ಅವರ ಮನೆಯಲ್ಲಿ ನಿಂತಿದ್ದ ಗಡಿಯಾರಗಳನ್ನೆಲ್ಲ ಕೆಳಗಿಳಿಸಿ, ಸಂಜೆಯವರೆಗೆ ಕೂತು ರಿಪೇರಿ ಮಾಡಿದಿರಿ. ಎಲ್ಲರೂ ಹೊಗಳಿದರು. ಪುಣ್ಯವಂತೆ ನೀನು, ಎಂಥ ಗಂಡ, ಸುಮ್ಮನೆ ಕೂರುವುದೇ ಗೊತ್ತಿಲ್ಲ ಎಂದರು. ನಾನು ಪಕ್ಕದ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದೆ. ಒಂದೊಂದು ಗಡಿಯಾರ ಟಿಕ್ ಅಂದಾಗಲೂ, ಇದಾದ ಮೇಲೆ ಬರುತ್ತಾರೆ ಅಂದುಕೊಂಡೆ. ಇದಾದ ಮೇಲೆ ಬರುತ್ತಾರೆ. ಗಡಿಯಾರಗಳು ಮುಗಿದವು. ನೀವು ಬಾಗಿಲಿನ ತಿರುಗಣೆಗೆ ಎಣ್ಣೆ ಬಿಡಲು ಹೋದಿರಿ.

ಮೇಜಿನಡಿ ಏನೋ ಸಣ್ಣಗೆ ಕಿರುಗುಟ್ಟಿತು. ಅವಳು ತಲೆ ಎತ್ತಿದಳು. ಗಂಡನ ಬೆರಳು ಮೇಜಿನ ಕಾಲಿನ ಸಡಿಲ ಸ್ಕ್ರೂ ಹುಡುಕಿಕೊಂಡು ಅದನ್ನು ತಿರುಗಿಸುತ್ತಿತ್ತು.

"ಸುಮ್ಮನೆ ಮುಟ್ಟಿ ನೋಡ್ದೆ," ಎಂದು ಕೈ ಹಿಂದಕ್ಕೆಳೆದುಕೊಂಡು ಮಡಿಲಲ್ಲಿ ಇಟ್ಟುಕೊಂಡ. ಬೆಂಚಿನ ಮೇಲೆ ಮೇಷ್ಟ್ರು ಎಬ್ಬಿಸಿ ನಿಲ್ಲಿಸಿದ ಹುಡುಗನ ಹಾಗೆ ಕಾಣುತ್ತಿದ್ದ.

ಅವಳು ಮುಂದೆ ಓದಿದಳು. ನಾನು ಒಂದು ಮಾತು ಶುರುಮಾಡಿದರೆ ನೀವು ಅರ್ಧದಲ್ಲೇ ಎದ್ದು ಅದನ್ನು ರಿಪೇರಿ ಮಾಡಲು ಹೋಗುತ್ತೀರಿ, ಎನ್ನುತ್ತಿದ್ದಳು ಲಿಫ್ಟಿನೊಳಗಿನವಳು. ತಲೆನೋವು ಎಂದರೆ ಮಾತ್ರೆ. ಬೇಜಾರು ಎಂದರೆ ಹೊಸ ಬಲ್ಬು. ಇವತ್ತು ನಿಮ್ಮ ಕೈಯಲ್ಲಿ ಸಾಮಾನಿನ ಚೀಲ ಇಲ್ಲ. ಪೂರ್ತಿ ಕೇಳಿ.

ಅಧ್ಯಾಯ ಮುಗಿಯಿತು. ಅವಳು ಹಾಳೆಗಳ ಅಂಚನ್ನು ಸಮ ಮಾಡಿದಳು, ಸಮವಾಗಿದ್ದರೂ ಇನ್ನೊಮ್ಮೆ ಮಾಡಿದಳು. ಅವನ ಟೀಯ ಮೇಲೆ ಕೆನೆ ಕಟ್ಟಿತ್ತು.

"ಗಡಿಯಾರ ಅಲ್ವಲ್ಲ," ಎಂದ ಗಂಡ ಕೊನೆಗೆ. "ಕಾಲಿಂಗ್ ಬೆಲ್ಲು. ಆಮೇಲೆ ಹಿತ್ತಲ ಕಡೆ ಸ್ವಿಚ್ಚು."

ಅವಳ ತಂದೆ ತೀರಿಕೊಂಡ ದಿನ ಅವನು ಆ ಮನೆಯಲ್ಲಿ ಸರಿಮಾಡಿದ್ದು ಅವನ್ನೇ. ಅವನಿಗೆ ಅದು ನೆನಪಿದೆಯೆಂದು ಅವಳು ಎಣಿಸಿರಲಿಲ್ಲ.

"ಹೌದು," ಎಂದಳು.

"ಬಂದೋರು ಬೆಲ್ ಒತ್ತಿ ಒತ್ತಿ ನಿಲ್ತಿದ್ರು. ನಿಮ್ಮಮ್ಮನೇ ಹೇಳಿರಬೇಕು, ಸ್ವಲ್ಪ ನೋಡಪ್ಪಾ ಅಂತ." ಅವನು ನಿಲ್ಲಿಸಿದ. "ಇಲ್ಲ. ಯಾರೂ ಹೇಳ್ಲಿಲ್ಲ. ನೀನು ಅಳ್ತಿದ್ದೆ. ನನಗೇನು ಮಾಡಬೇಕು ಅಂತ ಗೊತ್ತಾಗ್ಲಿಲ್ಲ, ಬೆಲ್ ಕೆಟ್ಟಿರೋದು ಕಾಣಿಸ್ತು."

ಅನುಮಾನಕ್ಕ ಹಾಳೆಗಳನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಳು. ಬಾಯಿ ತೆರೆದರೆ ಎಲ್ಲಿ 'ಹೋಗಲಿ ಬಿಡಿ' ಎಂದುಬಿಡುತ್ತೇನೋ ಎಂಬ ಹೆದರಿಕೆ ಅವಳಿಗೆ.

"ಆ ಗಡಿಯಾರದವನಿಗೂ ಒಂದು ಮಾತು ಕೊಡು," ಎಂದ ಅವನು. "ಕೊನೇಲಿ ಬಾಗಿಲು ತೆಗೆದಾಗ ಏನಾದ್ರೂ ಹೇಳ್ಲಿ. ಪೆಚ್ಚಾಗಿ ನಿಂತಿದ್ದಾನೆ ಪಾಪ."

"ಏನು ಹೇಳ್ಬೇಕು?"

ಅವನು ಕಿಟಕಿಯ ಕಡೆ ನೋಡಿದ. ಮೇಜಿನ ಕಡೆ ನೋಡಿದ. "ಗೊತ್ತಾಗ್ತಿಲ್ಲ."

"ಅವನಿಗೂ ಗೊತ್ತಾಗ್ಲಿಲ್ಲ. ಅದಕ್ಕೇ ನಾನು ಬರ್ದಿಲ್ಲ. ಬರೆಯೋದೂ ಇಲ್ಲ ರೀ."

ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಹಿಂದೆಯೇ ಒಂದು 'ಆದರೆ' ಬರಬಹುದೆಂದು ಕಾದಳು. ಬರಲಿಲ್ಲ.

"ಜನ ನನ್ನ ನೋಡಿ ನಗ್ತಾರೆ," ಎಂದ ಗಂಡ. ಬೇಸರವಿದ್ದಂತಿತ್ತು, ಪೂರ್ತಿ ಬೇಸರವೂ ಅಲ್ಲ.

"ಒಂದಿಷ್ಟು ಜನ ನಗ್ತಾರೆ. ಒಂದಿಷ್ಟು ಜನ ಮನೆಗೆ ಹೋಗಿ ತಮ್ಮ ಸ್ಕ್ರೂಡ್ರೈವರ್ ಬಚ್ಚಿಡ್ತಾರೆ."

ಅವನಿಗೆ ನಗು ಬಂತು. ಬಂದದ್ದನ್ನು ತೋರಿಸಬಾರದೆಂದು ಕೆನೆ ಕಟ್ಟಿದ ಟೀಯನ್ನು ಹಾಗೇ ಎತ್ತಿ ಕುಡಿದ. ಲೋಟ ಕೆಳಗಿಟ್ಟು, ಅವಳ ಮುಂದಿದ್ದ ಹಾಳೆಗಳನ್ನು ತನ್ನ ಕಡೆ ತಿರುಗಿಸಿಕೊಂಡು ಕೊನೆಯ ಪುಟವನ್ನು ತಾನೇ ಒಮ್ಮೆ ಓದಿದ, ತುಟಿ ಅಲ್ಲಾಡಿಸುತ್ತಾ, ನಿಧಾನವಾಗಿ.

"ಇಲ್ಲಿ ಬೇಗ ಬಂದುಬಿಟ್ಟ ಮೆಕ್ಯಾನಿಕ್ಕು," ಎಂದ. "ಇವಳು ಇನ್ನೂ ಏನೋ ಹೇಳೋದಿದೆ, ಅಷ್ಟರಲ್ಲಿ ಬಾಗಿಲು ತೆಗೆದುಬಿಟ್ಟಿದ್ದೀಯ."

ಅವಳು ಬಗ್ಗಿ ನೋಡಿದಳು. ನಿಜ. ಬರೆಯುವಾಗ ಭಯಬಿದ್ದು ಅಲ್ಲಿಗೇ ಬಾಗಿಲು ತೆರೆಸಿದ್ದಳು.

"ಅವನಿಗೆ ದಾರೀಲಿ ಇನ್ನೊಂದು ಕಂಪ್ಲೇಂಟ್ ಬಂತು ಅಂತ ಮಾಡು. ಬೇಕಾದ್ರೆ ಗಾಡಿ ಪಂಕ್ಚರ್ ಆಯ್ತು ಅನ್ನು. ಲಿಫ್ಟು ಇನ್ನೂ ಸ್ವಲ್ಪ ಹೊತ್ತು ನಿಂತಿರ್ಲಿ."

"ಎಷ್ಟು ಹೊತ್ತು?"

"ನನ್ನ ಕೇಳ್ತೀಯಲ್ಲ. ಅವಳಿಗೆ ಎಷ್ಟು ಬೇಕೋ ಅಷ್ಟು," ಎಂದು ಅವನು ಎದ್ದು, ಎರಡೂ ಲೋಟ ಎತ್ತಿಕೊಂಡು ಇನ್ನೊಮ್ಮೆ ಟೀ ಇಡಲು ಹೋದ. ಅವಳು ಪೆನ್ಸಿಲಿನ ತುದಿ ನೋಡಿಕೊಂಡು, ಮೆಕ್ಯಾನಿಕ್ಕು ಬಂದ ಸಾಲನ್ನು ಹೊಡೆದುಹಾಕಿ, ಅದರ ಕೆಳಗೆ ಬರೆಯತೊಡಗಿದಳು.